ನ್ಯೂಪೋರ್ಟಿನ ಆ ನಡುರಾತ್ರಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಎಲ್ಲಕ್ಕೂ ಚಿಕ್ಕದು ರೋಡ್ ಐಲೆಂಡ್. ನಮ್ಮ ಕೊಡಗು ಜಿಲ್ಲೆಯಷ್ಟೂ ವಿಸ್ತಾರವಿಲ್ಲದ ಆ ಪ್ರಾಂತದಲ್ಲಿ ದೊಡ್ಡದೊಂದು ಪಾಲನ್ನು ನ್ಯಾರಗ್ಯಾನ್ಸೆಟ್ ಎಂಬ ಕೊಲ್ಲಿಯೇ ನುಂಗಿಕೊಂಡಿದೆ. ಕೊಲ್ಲಿಯ ಬಾಯಿಯಲ್ಲಿ ಒಂದು ದ್ವೀಪ. ದ್ವೀಪದ ತೆಂಕಣ ತುದಿಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ ನಿಂತ ನ್ಯೂಪೋರ್ಟ್ ಪಟ್ಟಣ. ಪಡುವಣ ದಿಕ್ಕಿನಿಂದ ಬರುವವರಿಗೆ ಇಂದು ೧೯೬೯ರಲ್ಲಿ ತೆರೆದ ಎತ್ತರವಾದ ತೂಗುಸೇತುವೆ ಉಂಟು. ಅದಕ್ಕೆ ಮೊದಲು ಮೋಟಾರುಗಳನ್ನೂ ಜನರನ್ನೂ ಒಟ್ಟಿಗೆ ಹೊತ್ತು ಸಾಗಿಸುವ ಹಡಗೇ ಗತಿಯಾಗಿತ್ತು. ಬೇಸಿಗೆಯ ಸಂಜೆ ಬಂದರಿನಲ್ಲಿ ಬಿಳಿಯ ಹಾಯಿಗಳು ಕೊಕ್ಕರೆಯ ಹಿಂಡಿನಂತೆ ಕಾಣುತ್ತವೆ. ‘ಅಮೆರಿಕಾಸ್ ಕಪ್’ ಎಂಬ ಹೆಸರಾಂತ ಹಾಯಿದೋಣಿಗಳ ಪಂದ್ಯ ೧೯೩೦ರಿಂದ ೧೯೮೩ರವರೆಗೆ ನಡೆದದ್ದು ಈ ನೀರಿನಲ್ಲಿಯೇ.

ಊರು ನೋಡಲು ಬಂದವರನ್ನು ಮೊದಲು ಕರೆದೊಯ್ಯುವುದು ಬೆಲ್‌ವ್ಯೂ ಅವೆನ್ಯೂ ಎಂಬ ಬೀದಿಯ ಆಸುಪಾಸಿಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲು, ಕಲ್ಲಿದ್ದಲುಗಳಿಂದ ಎಣಿಕೆಗೆ ಸಿಲುಕದ ಹಣ ಮಾಡಿದ ಕುಟುಂಬಗಳು ಬೇಸಿಗೆಯ ಕೆಲವೇ ವಾರಗಳನ್ನು ಕಳೆಯಲೆಂದು ಇಲ್ಲಿ ಅರಮನೆಗಳನ್ನು ಕಟ್ಟಿಸಿದುವು. ವ್ಯಾಂಡರ್‌ಬಿಲ್ಟ್ ಮನೆತನದವರು ೧೮೯೫ರಲ್ಲಿ ಮುಗಿಸಿದ ‘ದಿ ಬ್ರೇಕರ್ಸ್’ ಎಂಬ ಸೌಧದಲ್ಲಿ ಎಪ್ಪತ್ತು ಕೋಣೆಗಳು. ಇಂಥ ಸೌಧಗಳನ್ನು ಅಲ್ಲಿನವರು ವಿನಯದಿಂದಲೋ ಗರ್ವದಿಂದಲೋ ‘ಕಾಟೇಜ್’ ಎಂದೇ ಕರೆದರು. ಗುಡಿಸಲೆಂಬ ಹೆಸರಿನಲ್ಲಿ ಅಮೃತಶಿಲೆಯನ್ನು ಅಷ್ಟೊಂದು ಸುರಿದ ಊರು ಜಗತ್ತಿನಲ್ಲಿ ಮತ್ತೊಂದಿರಲಾರದು.

ಈ ವೈಭವದಿಂದ ಬಹು ದೂರವೇನೂ ಅಲ್ಲದ ಬೀದಿಯೊಂದಕ್ಕೆ ‘ಫೇರ್‌ವೆಲ್ ಸ್ಟ್ರೀಟ್’, ಎಂದರೆ ಬೀಳ್ಕೊಡುಗೆಯ ಬೀದಿ, ಎಂಬ ಹೆಸರುಂಟು. ಅಲ್ಲಿ ಹಳೆಯ ಸ್ಮಶಾನ. ಅದರ ಒಂದು ಭಾಗವನ್ನು ದೇವರ ಪುಟ್ಟ ಹೊಲವೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅಲ್ಲಿ ಮಲಗಿರುವವರು ಆಫ್ರಿಕದ ಮೂಲದವರು. ಕೆಲವರು ಗುಲಾಮರು, ಕೆಲವರು ಬಿಡುಗಡೆ ಪಡೆದವರು. ಹದಿನೆಂಟನೆಯ ಶತಮಾನದಲ್ಲಿ ಈ ಊರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ರಮ್ ಭಟ್ಟಿಗಳಿದ್ದುವು. ಕೆರಿಬಿಯನ್ ದ್ವೀಪಗಳ ಕಾಕಂಬಿಯಿಂದ ಇಲ್ಲಿ ರಮ್ ಇಳಿಸುವುದು, ಆ ರಮ್ಮನ್ನು ಆಫ್ರಿಕಕ್ಕೆ ಒಯ್ದು ಮನುಷ್ಯರನ್ನು ಕೊಳ್ಳುವುದು, ಆ ಮನುಷ್ಯರನ್ನು ದ್ವೀಪಗಳ ಕಬ್ಬಿನ ತೋಟಗಳಿಗೆ ಮಾರಿ ಮತ್ತೆ ಕಾಕಂಬಿ ತರುವುದು: ಹೀಗೊಂದು ಚಕ್ರ. ಈ ಪುಟ್ಟ ಪ್ರಾಂತದ ವರ್ತಕರು ಇಂಥ ಯಾತ್ರೆಗಳನ್ನು ಒಂಬೈನೂರಕ್ಕೂ ಮಿಗಿಲಾಗಿ ನಡೆಸಿದರು. ಅರಮನೆಗಳನ್ನು ನೋಡಿ ಮರಳುವವರಲ್ಲಿ ಬಹುಮಂದಿ ಈ ಸ್ಮಶಾನದ ಕಡೆ ತಿರುಗುವುದಿಲ್ಲ.

ಇನ್ನೊಂದು ಸ್ಥಳವನ್ನಂತೂ ತೋರಿಸುವವರೇ ಕಡಿಮೆ. ಅದು ಫ್ರೀಬಾಡಿ ಪಾರ್ಕ್ ಎಂಬ ಆಟದ ಬಯಲು. ಸುತ್ತ ಗೋಡೆ, ನಡುವೆ ಹುಲ್ಲು, ಕುಳಿತು ನೋಡಲು ಮೆಟ್ಟಿಲುಗಳು. ಯಾವ ಊರಿನಲ್ಲಾದರೂ ಇರಬಹುದಾದಂಥದು. ಆದರೆ ೧೯೫೬ನೆಯ ಇಸವಿ ಜುಲೈ ೭ನೆಯ ತಾರೀಖು, ಶನಿವಾರ, ರಾತ್ರಿ ಈ ಬಯಲಿನಲ್ಲಿ ಡ್ಯೂಕ್ ಎಲಿಂಗ್ಟನ್ನರ ವಾದ್ಯವೃಂದ ನುಡಿಸಿದ ಕಚೇರಿಯನ್ನು ಜಾಝ್ ಸಂಗೀತವನ್ನು ಬಲ್ಲವರು ಇಂದಿಗೂ ಮರೆತಿಲ್ಲ.

ಬಾಸ್ಟನ್ನಿನಲ್ಲಿ ಜಾಝ್ ಕ್ಲಬ್ಬೊಂದನ್ನು ನಡೆಸುತ್ತಿದ್ದ, ತಾವೂ ಪಿಯಾನೊ ನುಡಿಸಬಲ್ಲ ಜಾರ್ಜ್ ವೀನ್ ಎಂಬವರನ್ನು ನ್ಯೂಪೋರ್ಟಿನ ಶ್ರೀಮಂತರಾದ ಲೊರಿಲಾರ್ಡ್ ದಂಪತಿಗಳು ಕರೆಸಿಕೊಂಡು, ಬೇಸಿಗೆಯ ಬೇಸರ ಕಳೆಯಲು ಒಂದು ಜಾಝ್ ಉತ್ಸವ ಮಾಡಬಾರದೇಕೆ ಎಂದು ಕೇಳಿದರು. ಮೊದಲ ಉತ್ಸವ ೧೯೫೪ರ ಜುಲೈಯಲ್ಲಿ ‘ನ್ಯೂಪೋರ್ಟ್ ಕ್ಯಾಸಿನೊ’ದ ಅಂಗಳದಲ್ಲಿ ಜರುಗಿತು. ಕ್ಯಾಸಿನೊ ಎಂದೊಡನೆ ಜೂಜುಕಟ್ಟೆಯೆಂದು ತಿಳಿಯಬಾರದು; ಅದು ಟೆನಿಸ್ ಆಡುವ ಶ್ರೀಮಂತರ ಕೂಟ. ಅಮೆರಿಕದ ರಾಷ್ಟ್ರೀಯ ಟೆನಿಸ್ ಪಂದ್ಯಗಳು ೧೮೮೧ರಿಂದ ೧೯೧೪ರವರೆಗೆ ಅಲ್ಲಿಯೇ ನಡೆದಿದ್ದುವು. ಆ ಹುಲ್ಲುಹಾಸಿನ ಮೇಲೆ ಬಿಲ್ಲಿ ಹಾಲಿಡೇ, ಎಲ್ಲಾ ಫಿಟ್ಸ್‌ಜೆರಾಲ್ಡ್ ಹಾಡಿದರು. ಡಿಝಿ ಗಿಲೆಸ್ಪಿ ತುತ್ತೂರಿ ಊದಿದರು. ಹಾಡು ಕೇಳಲು ಊರಿಗೆ ಒಪ್ಪಿಗೆಯೇ. ಹಾಡಿದವರು ಮಲಗಲು ಕೋಣೆ ಬೇಕೆಂದಾಗ ಮಾತ್ರ ಕಷ್ಟ. ಕಪ್ಪು ವರ್ಣದ ವಾದಕರಿಗೆ ಊರಿನಲ್ಲಿ ತಂಗುವ ಎಡೆ ಸಿಕ್ಕುವುದು ದುರ್ಲಭವಾಗಿತ್ತು. ಮರುವರ್ಷ ಉತ್ಸವ ಫ್ರೀಬಾಡಿ ಪಾರ್ಕಿಗೆ ಬಂದಿತು.

೧೯೫೬ರಲ್ಲಿ ಎಲಿಂಗ್ಟನ್ನರಿಗೆ ಐವತ್ತೇಳು ವರ್ಷ. ವಾಷಿಂಗ್ಟನ್ ನಗರದಲ್ಲಿ ೧೮೯೯ರ ಏಪ್ರಿಲ್ ೨೯ರಂದು ಹುಟ್ಟಿದ ಈತ, ೧೯೨೭ರ ಕೊನೆಯಿಂದ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನಲ್ಲಿ ನುಡಿಸುತ್ತ, ರೇಡಿಯೋ ಮೂಲಕ ದೇಶಕ್ಕೆಲ್ಲ ಪರಿಚಿತರಾದವರು. ಆದರೆ ಎರಡನೆಯ ಮಹಾಯುದ್ಧ ಮುಗಿದ ಮೇಲೆ ದೊಡ್ಡ ವಾದ್ಯವೃಂದಗಳ ಕಾಲ ಇಳಿಯತೊಡಗಿತು. ಹದಿನೈದು ಹದಿನಾರು ಮಂದಿಯ ಸಂಬಳ, ಪ್ರಯಾಣ, ಉಡುಪು. ಇವನ್ನೆಲ್ಲ ತೂಗಿಸುವಷ್ಟು ಟಿಕೆಟ್ಟುಗಳು ಮಾರಾಟವಾಗುತ್ತಿರಲಿಲ್ಲ. ಜನ ಮನೆಯಲ್ಲಿ ಟೆಲಿವಿಷನ್ ಮುಂದೆ ಕುಳಿತರು. ಹುಡುಗರು ರಾಕ್ ಅಂಡ್ ರೋಲ್ ಕಡೆ ಹೊರಳಿದರು. ಒಂದಾದ ಮೇಲೊಂದು ವೃಂದ ಚೆದುರಿಹೋಯಿತು. ಎಲಿಂಗ್ಟನ್ನರು ಮಾತ್ರ ತಮ್ಮ ಹಳೆಯ ಹಾಡುಗಳಿಂದ ಬರುವ ಗೌರವಧನವನ್ನೆಲ್ಲ ವೃಂದದ ಸಂಬಳಕ್ಕೆ ಸುರಿದು ಅದನ್ನು ಉಳಿಸಿಕೊಂಡರು. ೧೯೫೧ರಲ್ಲಿ ಹಿರಿಯ ವಾದಕರಾದ ಜಾನಿ ಹಾಜಸ್, ಲಾರೆನ್ಸ್ ಬ್ರೌನ್, ಸನ್ನಿ ಗ್ರೀರ್ ಮೂವರೂ ಒಟ್ಟಿಗೆ ಬಿಟ್ಟುಹೋದರು. ೧೯೫೫ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹೊರವಲಯದಲ್ಲಿ ನಡೆದ ಜಲಕ್ರೀಡೆಯ ತಮಾಷೆಯೊಂದಕ್ಕೆ ಹಿಮ್ಮೇಳವಾಗಿ ಈ ವೃಂದ ನುಡಿಸಬೇಕಾಯಿತು. ಈಜುವವರ ಕಾಲುಗಳಿಗೆ ತಾಳ ಹಾಕುವ ಕೆಲಸ! ಎಲಿಂಗ್ಟನ್ನರ ಕಾಲ ಮುಗಿಯಿತೆಂದು ವಿಮರ್ಶಕರು ಬರೆಯತೊಡಗಿದ್ದರು. ಅದೇ ವರ್ಷ ಹಾಜಸ್ ಮರಳಿ ಬಂದುದು, ಸ್ಯಾಮ್ ವುಡ್‌ಯಾರ್ಡ್ ಎಂಬ ಹೊಸ ಡ್ರಮ್ ವಾದಕ ಸೇರಿದುದು, ಇವೆರಡೇ ಸಮಾಧಾನದ ಸಂಗತಿಗಳು.

ಶನಿವಾರ ರಾತ್ರಿ ಎಂಟೂವರೆಗೆ ಕಚೇರಿಯ ಆರಂಭ. ವೃಂದ ವೇದಿಕೆ ಹತ್ತಿದಾಗ ನೋಡಿದರೆ ನಾಲ್ವರು ವಾದಕರೇ ಇಲ್ಲ! ಇದ್ದವರಷ್ಟೇ ರಾಷ್ಟ್ರಗೀತೆಯನ್ನೂ ಒಂದೆರಡು ಹಾಡುಗಳನ್ನೂ ನುಡಿಸಿ ಕೆಳಗಿಳಿದರು. ಬಳಿಕ ಬೇರೆ ಬೇರೆ ಕಲಾವಿದರ ಸರದಿ. ಎಲಿಂಗ್ಟನ್ನರು ಮೂರು ಗಂಟೆಗಳಿಗೂ ಮಿಕ್ಕಿ ಕಾದರು. ತಮ್ಮನ್ನು ಸರ್ಕಸ್ಸಿನ ಕೊನೆಯ ಆಟದವರೆಂದು ತಿಳಿದಿದ್ದಾರೆಯೇ ಎಂದು ಅವರು ವೀನ್ ಅವರನ್ನು ಗದರಿಸಿಕೊಂಡರೆಂದು ಹೇಳುತ್ತಾರೆ. ಮತ್ತೆ ವೇದಿಕೆಗೆ ಕರೆ ಬಂದಾಗ ನಡುರಾತ್ರಿಗೆ ಕಾಲು ಗಂಟೆಯಷ್ಟೇ ಉಳಿದಿತ್ತು. ಏಳು ಸಾವಿರದಷ್ಟಿದ್ದ ಜನಸಮೂಹದಲ್ಲಿ ಕೆಲವರು ಶಾಲು ಹೊದ್ದು ಮನೆಯ ಕಡೆ ಹೊರಟಿದ್ದರು.

ಎಲಿಂಗ್ಟನ್ನರೂ ಅವರ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನರೂ ಈ ಉತ್ಸವಕ್ಕೆಂದೇ ಮೂರು ಭಾಗಗಳ ಹೊಸ ಕೃತಿಯನ್ನು ರಚಿಸಿ ತಂದಿದ್ದರು. ಅಭ್ಯಾಸ ಸಾಲದಾಗಿತ್ತು. ಜನ ಅದನ್ನು ಮರ್ಯಾದೆಯಿಂದ ಕೇಳಿ ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು. ಇನ್ನೆರಡು ಹಾಡುಗಳಾದ ಮೇಲೆ ಎಲಿಂಗ್ಟನ್ನರು ಹತ್ತೊಂಬತ್ತು ವರ್ಷಗಳ ಹಿಂದಿನ ಒಂದು ರಚನೆಯನ್ನು ಎತ್ತಿಕೊಂಡರು: ‘ಡಿಮಿನುಯೆಂಡೊ ಅಂಡ್ ಕ್ರೆಸೆಂಡೊ ಇನ್ ಬ್ಲೂ’.

ಈ ರಚನೆಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬ್ಲೂಸ್ ಎಂಬುದು ಅಮೆರಿಕದ ಕಪ್ಪು ಜನ ಹತ್ತಿಯ ಹೊಲಗಳಿಂದ, ಪ್ರಾರ್ಥನಾ ಮಂದಿರಗಳಿಂದ, ರಸ್ತೆಯ ಬದಿಯಿಂದ ಕಟ್ಟಿ ತಂದ ಹಾಡಿನ ಬಗೆ. ಹನ್ನೆರಡು ಅಳತೆಗಳು ಒಂದು ಆವರ್ತ; ಆವರ್ತ ಮುಗಿದೊಡನೆ ಮತ್ತೆ ಮೊದಲಿನಿಂದ. ಒಂದೇ ಪಲ್ಲವಿಯ ಸಾಲನ್ನು ಹಿಡಿದು ನೆರವಲ್ ಮಾಡುವ ವಿದ್ವಾಂಸರಂತೆ, ಜಾಝ್ ವಾದಕ ಪ್ರತಿ ಆವರ್ತದಲ್ಲಿಯೂ ಹೊಸದೇನನ್ನಾದರೂ ನುಡಿಯಬೇಕು. ೧೯೩೭ರಲ್ಲಿ ಈ ರಚನೆಯನ್ನು ಗ್ರಾಮಫೋನ್ ತಟ್ಟೆಗೆ ಕೊಟ್ಟಾಗ ಒಂದು ಮುಖದಲ್ಲಿ ‘ಡಿಮಿನುಯೆಂಡೊ’, ಎಂದರೆ ಇಳಿಯುವ ಧ್ವನಿ. ಇನ್ನೊಂದು ಮುಖದಲ್ಲಿ ‘ಕ್ರೆಸೆಂಡೊ’, ಏರುವ ಧ್ವನಿ. ನಡುವೆ ಕೇಳುಗನು ಎದ್ದು ತಟ್ಟೆಯನ್ನು ಮಗುಚಿ ಹಾಕಬೇಕಷ್ಟೆ. ಕಚೇರಿಯಲ್ಲಿ ಈ ನಡುವಿನ ಎಡೆಯನ್ನು ಹೇಗೆ ತುಂಬುವುದು? ಎಲಿಂಗ್ಟನ್ನರು ಹಲವು ಉಪಾಯಗಳನ್ನು ಮಾಡಿ ನೋಡಿ, ಕೊನೆಗೆ ಪಾಲ್ ಗೊನ್ಸಾಲ್ವೆಸ್ ಎಂಬ ಟೆನರ್ ಸ್ಯಾಕ್ಸೊಫೋನ್ ವಾದಕರಿಗೆ ಅದನ್ನು ಒಪ್ಪಿಸಿದ್ದರು. ಆ ರಾತ್ರಿ ಅವರಿಗೆ ಹೇಳಿದ್ದು ಇಷ್ಟೇ: ಮನಸ್ಸಿಗೆ ತೃಪ್ತಿಯಾಗುವವರೆಗೆ ಊದುತ್ತಿರು.

ಸ್ಯಾಕ್ಸೊಫೋನ್ ಎಂದರೆ ಕನ್ನಡಿಗರಿಗೆ ಕದ್ರಿ ಗೋಪಾಲನಾಥರ ನೆನಪಾಗುತ್ತದೆ. ಅವರು ನುಡಿಸುತ್ತಿದ್ದುದು ಕುಲದಲ್ಲಿ ಚಿಕ್ಕದಾದ, ಧ್ವನಿ ಎತ್ತರವಾದ ಆಲ್ಟೊ ವಾದ್ಯ. ಟೆನರ್ ಅದಕ್ಕಿಂತ ದೊಡ್ಡದು, ಕಂಠ ಇನ್ನೂ ಗಡುಸು. ಗೊನ್ಸಾಲ್ವೆಸ್ ಅವರಿಗೆ ಆಗ ಮೂವತ್ತಾರು ತುಂಬಲು ಐದೇ ದಿನ ಉಳಿದಿತ್ತು. ಅವರು ಬೆಳೆದದ್ದು ಇದೇ ರೋಡ್ ಐಲೆಂಡಿನ ಪಾಟಕೆಟ್ ಎಂಬ ಗಿರಣಿಯ ಊರಿನಲ್ಲಿ. ತಂದೆತಾಯಿಗಳು ಆಫ್ರಿಕದ ಪಡುಗಡಲಿನ ಕೇಪ್ ವರ್ಡೆ ದ್ವೀಪಗಳ ಮೂಲದವರು. ಒಂದು ಕಾಲದಲ್ಲಿ ಗುಲಾಮರ ಹಡಗುಗಳು ತಂಗುತ್ತಿದ್ದ ದ್ವೀಪಗಳವು. ಬಾಲ್ಯದಲ್ಲಿ ಮನೆಮಂದಿಯ ಜೊತೆ ಗಿಟಾರ್ ನುಡಿಸಿ, ಅನಂತರ ಸ್ಯಾಕ್ಸೊಫೋನ್ ಹಿಡಿದು, ಎಲಿಂಗ್ಟನ್ನರ ತಟ್ಟೆಗಳನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ ಅವರು ೧೯೫೦ರಲ್ಲಿ ವೃಂದವನ್ನು ಸೇರಿದ್ದರು. ವಾದ್ಯವೃಂದದ ಹೊರಗೆ ಅವರ ಹೆಸರನ್ನು ಕೇಳಿದವರು ವಿರಳ.

ಇಳಿಯುವ ಭಾಗ ಮುಗಿಯಿತು. ಎಲಿಂಗ್ಟನ್ನರು ಪಿಯಾನೊದ ಮೇಲೆ ಕೆಲವು ಆವರ್ತ ನುಡಿಸಿ ಎಡೆ ಮಾಡಿಕೊಟ್ಟರು. ಗೊನ್ಸಾಲ್ವೆಸ್ ಎದ್ದು ಮುಂದೆ ಬಂದು ಧ್ವನಿಗ್ರಾಹಕದ ಎದುರು ನಿಂತು ಕಣ್ಣು ಮುಚ್ಚಿದರು. ಹಿಂದೆ ಮೂವರೇ: ಎಲಿಂಗ್ಟನ್ನರ ಪಿಯಾನೊ, ಜಿಮ್ಮಿ ವುಡ್ ಅವರ ಬಾಸ್, ವುಡ್‌ಯಾರ್ಡರ ಡ್ರಮ್. ಒಂದು ಆವರ್ತ, ಎರಡು, ಮೂರು. ಮೊದಮೊದಲು ಅದು ಯಾವುದೋ ಮಾತುಗಾರ ಪಕ್ಕದವನೊಡನೆ ಅವಸರವಿಲ್ಲದೆ ಹರಟುವಂತೆ ಇತ್ತು. ಐದಾರು ಆವರ್ತಗಳಾಗುವ ಹೊತ್ತಿಗೆ ಜನರಲ್ಲಿ ಏನೋ ಚಲನೆ. ಕೌಂಟ್ ಬೇಸಿಯವರ ವೃಂದದಲ್ಲಿ ಹೆಸರು ಮಾಡಿದ್ದ ಡ್ರಮ್ ವಾದಕ ಜೋ ಜೋನ್ಸ್ ವೇದಿಕೆಯ ಬುಡದಲ್ಲಿ, ಜನರ ಕಣ್ಣಿಗೆ ಬೀಳದ ಕಡೆ ಕುಳಿತು, ಸುರುಳಿ ಸುತ್ತಿದ ವೃತ್ತಪತ್ರಿಕೆಯಿಂದ ವೇದಿಕೆಯ ಅಂಚಿಗೆ ಬಾರಿಸುತ್ತ ತಾಳ ಹಿಡಿದಿದ್ದರು. ವಾದಕರಿಗೆ ಆ ಕಾಗದದ ತಾಳವೇ ಕಸುವು ಕೊಟ್ಟಿತೆಂದು ಹೇಳುವುದುಂಟು. ಏಳನೆಯದೋ ಎಂಟನೆಯದೋ ಆವರ್ತದಲ್ಲಿ, ಮುಂದಿನ ಸಾಲಿನ ಬೆಲೆಯುಳ್ಳ ಆಸನವೊಂದರಿಂದ ಕಪ್ಪು ಉಡುಪಿನ, ಹೊಂಗೂದಲಿನ ಮಹಿಳೆಯೊಬ್ಬರು ಥಟ್ಟನೆ ಎದ್ದು ಕುಣಿಯತೊಡಗಿದರು.

ಅಷ್ಟೇ ಬೇಕಾಗಿದ್ದುದು. ಕುಳಿತಿದ್ದವರು ಎದ್ದರು, ಎದ್ದವರು ಕುರ್ಚಿಗಳ ಮೇಲೆ ನಿಂತರು, ಹೊರಟಿದ್ದವರು ಓಡಿ ಮರಳಿದರು. ಹಾದಿಗಳಲ್ಲಿ ಜೋಡಿಗಳು ಕುಣಿದುವು. ವೇದಿಕೆಯ ಮೇಲಿನ ಉಳಿದ ವಾದಕರೂ ಕೂಗಿ ಹುರಿದುಂಬಿಸುತ್ತಿದ್ದರು. ಗೊನ್ಸಾಲ್ವೆಸ್ ಕಣ್ಣು ತೆರೆಯಲಿಲ್ಲ. ಹತ್ತು, ಹದಿನೈದು, ಇಪ್ಪತ್ತು. ಆರು ನಿಮಿಷಗಳಿಗೂ ಮಿಕ್ಕಿ ಇಪ್ಪತ್ತೇಳು ಆವರ್ತ. ಇದರಲ್ಲಿ ಬೆರಗುಗೊಳಿಸುವ ಬೆರಳೋಟವೇನೂ ಇಲ್ಲವೆಂಬುದನ್ನು ಒಪ್ಪಬೇಕು. ಅವರಿಗಿಂತ ಚಮತ್ಕಾರವಾಗಿ ನುಡಿಸಬಲ್ಲವರು ಅದೇ ಉತ್ಸವದಲ್ಲಿದ್ದರು. ಇಲ್ಲಿದ್ದುದು ಬೇರೆ, ನಡಿಗೆಯನ್ನು ಒಮ್ಮೆಯೂ ತಪ್ಪಿಸದೆ, ಉದ್ವೇಗಕ್ಕೆ ಬಲಿಬಿದ್ದು ಕಿರಿಚದೆ, ಒಂದು ಆವರ್ತದ ಕೊನೆಯ ಮಾತನ್ನು ಮುಂದಿನದರ ಮೊದಲ ಮಾತಾಗಿ ಮಾಡುತ್ತ ಹೋದ ಸೈರಣೆ. ಕುಣಿತವೆಲ್ಲ ಕೆಳಗೆ, ಮೇಲೆ ನಿಂತವರು ಅಲುಗದ ದೀಪ.

ಮುಂದೆ ಇಡೀ ವೃಂದ ಏರುವ ಭಾಗವನ್ನು ಎತ್ತಿಕೊಂಡು, ತುತ್ತೂರಿಯ ತಾರಸ್ಥಾಯಿಯಲ್ಲಿ ಅದನ್ನು ಮುಗಿಸಿದಾಗ ಬಯಲು ಹುಚ್ಚೆದ್ದಿತ್ತು. ಗಲಭೆಯಾದೀತೆಂದು ವೀನ್ ಅವರಿಗೆ ಭಯ. ಕಚೇರಿ ನಿಲ್ಲಿಸುವಂತೆ ಅವರು ಸನ್ನೆ ಮಾಡಿದರು. ಎಲಿಂಗ್ಟನ್ನರು ಬೆರಳಾಡಿಸಿ, ಕಲಾವಿದರಿಗೆ ಅಗೌರವ ತೋರಬೇಡಿರೆಂದು ಗದರಿದರು. ಜನರನ್ನು ತಣಿಸುವ ಉಪಾಯ ಅವರಿಗೆ ಚೆನ್ನಾಗಿ ತಿಳಿದಿತ್ತು. ಜಾನಿ ಹಾಜಸ್ ಅವರನ್ನು ಮುಂದೆ ಕರೆದು ಜೇನಿನಂಥ ನಿಧಾನದ ಹಾಡೊಂದನ್ನು ನುಡಿಸಿದರು. ಇನ್ನೂ ಕೆಲವು ಹಾಡುಗಳಾದ ಬಳಿಕವೇ ಜನರನ್ನು ಮನೆಗೆ ಬಿಟ್ಟದ್ದು. ಕಿಟಕಿಯೊಂದೂ ಒಡೆಯಲಿಲ್ಲ.

ಆಗಸ್ಟ್ ೨೦ರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ನರ ಚಿತ್ರ ಬಂದಿತು. ಕೊಲಂಬಿಯ ಸಂಸ್ಥೆ ಅದೇ ವರ್ಷ ಹೊರಡಿಸಿದ ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಎಂಬ ತಟ್ಟೆ ಅವರ ತಟ್ಟೆಗಳಲ್ಲೆಲ್ಲ ಹೆಚ್ಚು ಮಾರಾಟವಾಯಿತು. ತಾವು ಹುಟ್ಟಿದ್ದೇ ೧೯೫೬ರಲ್ಲಿ, ನ್ಯೂಪೋರ್ಟಿನಲ್ಲಿ ಎಂದು ಅವರು ಮುಂದೆ ವಿನೋದವಾಗಿ ಹೇಳಿಕೊಳ್ಳುತ್ತಿದ್ದರು. ವೃಂದ ಉಳಿಯಿತು.

ಆದರೆ ಆ ತಟ್ಟೆಯನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ಕೊರತೆ ತೋರುತ್ತಿತ್ತು. ಜನರ ಕೂಗು ಸ್ಪಷ್ಟ, ಡ್ರಮ್ ಸ್ಪಷ್ಟ, ಎಲಿಂಗ್ಟನ್ನರ ಹುರಿದುಂಬಿಸುವ ಉದ್ಗಾರಗಳೂ ಸ್ಪಷ್ಟ. ಯಾವುದಕ್ಕಾಗಿ ಇಷ್ಟೆಲ್ಲ ಕೋಲಾಹಲವೋ ಆ ಸ್ಯಾಕ್ಸೊಫೋನ್ ಮಾತ್ರ ಪಕ್ಕದ ಬೀದಿಯಿಂದ ಬಂದಂತೆ ದೂರ. ಕಾರಣ ಸರಳವಾಗಿತ್ತು. ವೇದಿಕೆಯ ಮೇಲೆ ಎರಡು ಬಗೆಯ ಧ್ವನಿಗ್ರಾಹಕಗಳಿದ್ದುವು. ಒಂದು ಕೊಲಂಬಿಯ ಸಂಸ್ಥೆಯದು, ಇನ್ನೊಂದು ‘ವಾಯ್ಸ್ ಆಫ್ ಅಮೆರಿಕ’ ರೇಡಿಯೋದ್ದು. ಗೊನ್ಸಾಲ್ವೆಸ್ ನಿಂತು ಊದಿದ್ದು ರೇಡಿಯೋದವರದಕ್ಕೆ! ಅದಲ್ಲದೆ, ಅಭ್ಯಾಸ ಸಾಲದಾಗಿದ್ದ ಹೊಸ ಕೃತಿಯ ಹೆಚ್ಚಿನ ಪಾಲನ್ನು ಸೋಮವಾರ, ಜುಲೈ ೯ರಂದು, ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಅದಕ್ಕೆ ಚಪ್ಪಾಳೆಯ ಸದ್ದನ್ನು ಬೆಸೆದಿದ್ದರು. ನಾಲ್ಕು ದಶಕಗಳ ಕಾಲ ಲಕ್ಷಾಂತರ ಮಂದಿ ನ್ಯೂಪೋರ್ಟಿನ ರಾತ್ರಿಯೆಂದು ಮನೆಯಲ್ಲಿ ಕುಳಿತು ಕೇಳಿದ್ದು ಹೀಗೆ ಅರ್ಧ ಬಯಲಿನದು, ಅರ್ಧ ಕೋಣೆಯದು.

‘ವಾಯ್ಸ್ ಆಫ್ ಅಮೆರಿಕ’ ಎಂಬುದು ಅಮೆರಿಕ ಸರಕಾರ ಹೊರದೇಶದವರಿಗಾಗಿ ನಡೆಸುತ್ತಿದ್ದ ರೇಡಿಯೋ. ೧೯೫೫ರಿಂದ ವಿಲಿಸ್ ಕಾನೊವರ್ ಅವರು ಅದರಲ್ಲಿ ನಡೆಸಿಕೊಟ್ಟ ಜಾಝ್ ಕಾರ್ಯಕ್ರಮವನ್ನು ಕಿರುತರಂಗಗಳ ಮೇಲೆ ಅನೇಕ ದೇಶಗಳ ಜನ ಕಾದು ಕೇಳುತ್ತಿದ್ದರು. ಅಮೆರಿಕದವರಿಗೆ ಮಾತ್ರ ಅದು ಉದ್ದೇಶಿತವಾಗಿರಲಿಲ್ಲ. ಆ ರೇಡಿಯೋದ ಧ್ವನಿಸುರುಳಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ೧೯೯೬ರಲ್ಲಿ ಪತ್ತೆಯಾಯಿತು. ಅದನ್ನೂ ಕೊಲಂಬಿಯದ ಸುರುಳಿಯನ್ನೂ ಸಂಗೀತದ ಇತಿಹಾಸಕಾರ ಫಿಲ್ ಶಾಪ್ ಜೋಡಿಸಿ, ಒಂದನ್ನು ಎಡಗಿವಿಗೆ ಇನ್ನೊಂದನ್ನು ಬಲಗಿವಿಗೆ ಹೊಂದಿಸಿ, ೧೯೯೯ರಲ್ಲಿ ಇಡೀ ಕಚೇರಿ ಹೊರಬರುವಂತೆ ಮಾಡಿದರು. ಗೊನ್ಸಾಲ್ವೆಸ್ ಅವರ ಉಸಿರು ಆಗ ಕೇಳಿತು. ಇಪ್ಪತ್ತೇಳು ಆವರ್ತಗಳ ಏರಿಳಿತ, ಎಲ್ಲಿ ಹಿಡಿದು ಎಲ್ಲಿ ಬಿಟ್ಟರು ಎಂಬುದು, ಅಂದು ಬಯಲಿನಲ್ಲಿದ್ದು ಇನ್ನೂ ಬದುಕಿದ್ದವರನ್ನು ಬಿಟ್ಟರೆ ಉಳಿದವರಿಗೆ ಮೊದಲ ಬಾರಿಗೆ ತಿಳಿಯಿತು. ಎಲ್ಲಕ್ಕೂ ಕೊನೆಯಲ್ಲಿ ಗದ್ದಲವನ್ನು ಸೀಳಿಕೊಂಡು ಎಲಿಂಗ್ಟನ್ನರು ಆ ಹೆಸರನ್ನು ಜನಕ್ಕೆ ಮತ್ತೆ ಮತ್ತೆ ಕೂಗಿ ಹೇಳುತ್ತಾರೆ.

ನ್ಯೂಪೋರ್ಟಿಗೂ ಜಾಝಿಗೂ ಮುಂದೆ ಬಹುಕಾಲ ಸರಸವಿರಲಿಲ್ಲ. ೧೯೬೦ರ ಉತ್ಸವದಲ್ಲಿ ಒಳಗೆ ಎಡೆ ಸಿಕ್ಕದ ಯುವಕರು ಬೀದಿಯಲ್ಲಿ ದೊಂಬಿ ಎಬ್ಬಿಸಿದರು. ಉತ್ಸವ ನಡುವೆಯೇ ನಿಂತುಹೋಯಿತು. ಅದೇ ವರ್ಷ ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್ ಮೊದಲಾದವರು ವ್ಯವಸ್ಥೆಯ ಮೇಲೆ ಮುನಿದು ಊರಿನ ಇನ್ನೊಂದು ಕಡೆ ತಮ್ಮದೇ ಪ್ರತಿ-ಉತ್ಸವ ಮಾಡಿದ್ದರು. ೧೯೭೧ರಲ್ಲಿ ಮತ್ತೆ ಬೇಲಿ ಮುರಿಯಿತು. ಮರುವರ್ಷ ಉತ್ಸವ ನ್ಯೂಯಾರ್ಕಿಗೆ ಹೋಯಿತು. ೧೯೮೧ರಲ್ಲಿ ಮರಳಿದಾಗ ಅದಕ್ಕೆ ಜಾಗ ದೊರೆತದ್ದು ಊರಿನಾಚೆ, ಬಂದರಿನ ಬಾಯಿಯಲ್ಲಿರುವ ಆಡಮ್ಸ್ ಕೋಟೆಯಲ್ಲಿ. ಫ್ರೀಬಾಡಿ ಪಾರ್ಕ್ ಆಟದ ಬಯಲಾಗಿಯೇ ಉಳಿದಿದೆ.

ಎಲಿಂಗ್ಟನ್ನರ ವೃಂದ ೧೯೬೩ರಲ್ಲಿ ಅಮೆರಿಕ ಸರಕಾರದ ಪರವಾಗಿ ಭಾರತಕ್ಕೂ ಬಂದಿತ್ತು, ಗೊನ್ಸಾಲ್ವೆಸ್ ಜೊತೆಯಲ್ಲಿದ್ದರು. ದೆಹಲಿಯಲ್ಲಿ ಕೇಳಿದ ಮೈನಾ ಹಕ್ಕಿಯ ಕೂಗನ್ನು ಸ್ಟ್ರೇಹಾರ್ನರು ಮುಂದೆ ಒಂದು ರಚನೆಯಾಗಿಸಿದರು. ಆದರೆ ಹೋದ ಹೋದ ಊರಿನಲ್ಲೆಲ್ಲ ಗೊನ್ಸಾಲ್ವೆಸ್ ಅವರಿಂದ ಜನ ಬಯಸುತ್ತಿದ್ದುದು ಆ ಇಪ್ಪತ್ತೇಳು ಆವರ್ತಗಳನ್ನೇ. ಅವರ ನಿಜವಾದ ಸಾಮರ್ಥ್ಯ ನಿಧಾನದ, ಮೆಲುದನಿಯ ಹಾಡುಗಳಲ್ಲಿತ್ತೆಂದು ಬಲ್ಲವರು ಹೇಳುತ್ತಾರೆ. ಒಂದು ರಾತ್ರಿಯ ಕೀರ್ತಿ ಮನುಷ್ಯನ ಉಳಿದ ರಾತ್ರಿಗಳನ್ನು ನುಂಗಿಬಿಡುವುದೂ ಉಂಟು.

೧೯೭೪ರ ಮೇ ೧೫ರಂದು ಗೊನ್ಸಾಲ್ವೆಸ್ ಲಂಡನ್ನಿನಲ್ಲಿ ತೀರಿಕೊಂಡರು. ಎಲಿಂಗ್ಟನ್ನರು ಆಗ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದರು. ಸುದ್ದಿ ಕೇಳಿದರೆ ತಾಳಲಾರರೆಂದು ಮಗ ಮರ್ಸರ್ ಅದನ್ನು ತಂದೆಗೆ ತಿಳಿಸಲಿಲ್ಲ. ಒಂಬತ್ತು ದಿನಗಳ ಮೇಲೆ, ಮೇ ೨೪ರಂದು, ಎಲಿಂಗ್ಟನ್ನರೂ ಕಣ್ಣು ಮುಚ್ಚಿದರು.